ಅಬೆಕಾ, ಬಿಫೋರ್ ಫೈವ್, ಲಿಟಲ್ ಹ್ಯಾಂಡ್ಸ್, ಗುಡ್ ಶೆಫರ್ಡ್: ಕಾರವಾರದ ಒಂದು ಮನೆಯಲ್ಲಿ ಯಾವುದು ನಡೆಯಿತು

ಶಾಲೆಗೆ ಹೋಗುವ ಮುಂಚಿನ ಮಕ್ಕಳಿಗೆ ಮನೆಯಲ್ಲೇ ಕಲಿಸಲು ಕ್ರೈಸ್ತ ಕುಟುಂಬಗಳು ಬಳಸುವ ನಾಲ್ಕು ಪಠ್ಯಕ್ರಮಗಳನ್ನು ನಾವು ಮಾಡಿ ನೋಡಿದೆವು. ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಉಳಿದುಕೊಂಡಿದ್ದು ಲಿಟಲ್ ಹ್ಯಾಂಡ್ಸ್ ಟು ಹೆವೆನ್, ಜೊತೆಗೆ ಗುಡ್ ಶೆಫರ್ಡ್ ಪದ್ಧತಿಯ ಒಂದು ತುಣುಕು. ಅಬೆಕಾದಲ್ಲಿ ಅರ್ಧ ಮಾತ್ರ ಬಳಸಿದೆವು. ಬಿಫೋರ್ ಫೈವ್ ಇನ್ ಎ ರೋ ಮನಸ್ಸಿಗೆ ತುಂಬಾ ಹಿಡಿಸಿತು, ಆದರೆ ಕಾರವಾರದಲ್ಲಿ ಕೂತು ಅದನ್ನು ನಡೆಸುವುದು ಕಷ್ಟ.

ನಾವು ಕ್ಯಾಥೊಲಿಕರು. ಮನೆಯೊಳಗೆ ಕೊಂಕಣಿ, ಗೇಟು ದಾಟಿದರೆ ಕೊಂಕಣಿಯೂ ಕನ್ನಡವೂ, ಇಂಗ್ಲಿಷ್ ಏನಿದ್ದರೂ ಫೋನಿನಲ್ಲಿ ಮತ್ತು ಬೆಂಗಳೂರಿನಿಂದ ಬರುವ ನೆಂಟರ ಬಾಯಲ್ಲಿ. ಗಂಡನಿಗೆ ಕೈಗಾದಲ್ಲಿ ಶಿಫ್ಟ್ ಕೆಲಸ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಶುರು ಮಾಡುವಾಗ ಮಗಳಿಗೆ ನಾಲ್ಕು ತುಂಬುವುದರಲ್ಲಿತ್ತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಪಠ್ಯಕ್ರಮಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿ ಇಂಗ್ಲಿಷ್ ಮಾತಾಡುವ ಮನೆಗಾಗಿ ಮಾಡಿದವು. ಅಲ್ಲಿನವರು ಬರೆದ ವಿಮರ್ಶೆ ಓದಿ ಆರ್ಡರ್ ಮಾಡಿದರೆ ನಮಗೆ ಬೇಕಾದ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ. ನನ್ನ ಪ್ರಶ್ನೆ ಸರಳವಾಗಿತ್ತು: ಇದನ್ನು ಕೊಂಕಣಿಯಲ್ಲೋ ಕನ್ನಡದಲ್ಲೋ ಮಾಡಿದರೆ ಎಷ್ಟು ಉಳಿಯುತ್ತದೆ?

ಕಾನೂನಿನ ಮಾತು ಬೇಗ ಮುಗಿಸುತ್ತೇನೆ, ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು. ಅದಕ್ಕಿಂತ ಚಿಕ್ಕ ಮಗು ಮನೆಯಲ್ಲಿದ್ದರೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ನಿಯಮ 2025-26ರಿಂದ ಬಂತು, ಆ ಒಂದು ವರ್ಷಕ್ಕೆ ಮಾತ್ರ ಸ್ವಲ್ಪ ಸಡಿಲಿಸಿದರು. ಅಂದರೆ ಮನೆಯಲ್ಲಿ ಆಡಿಸಿ ಓದಿಸುವುದಕ್ಕೆ ಮೊದಲಿಗಿಂತ ಜಾಸ್ತಿ ಕಾಲ ಸಿಗುತ್ತದೆ. ಮುಂದೆ ಇಲ್ಲಿನ ಶಾಲೆಗೆ ಹಾಕುವ ಯೋಚನೆ ಇದ್ದರೆ, ಆ ಶಾಲೆ ಯುಕೆಜಿ ಮುಗಿಸಿದ ಕಾಗದ ಕೇಳುತ್ತದಾ ಅಂತ ಈಗಲೇ ಹೋಗಿ ವಿಚಾರಿಸಿ. ಕಾನೂನಿನಲ್ಲಿ ತೊಡಕಿಲ್ಲ, ತೊಡಕು ಬರುವುದೇನಿದ್ದರೂ ಶಾಲೆಯ ಆಫೀಸಿನಲ್ಲಿ.

ಈಗ ಅಬೆಕಾ. 1972ರಿಂದ ಇರುವ ಹಳೆಯ ಸಂಸ್ಥೆ, ಫ್ಲಾರಿಡಾದ ಪೆನ್ಸಕೋಲಾದ್ದು. ಶಾಲೆಗಳಿಗೂ ಮನೆಗಳಿಗೂ ಪುಸ್ತಕ ಕೊಡುತ್ತದೆ. ನಮಗೆ ಸಿಕ್ಕಿದ್ದು ಕೆ4 ಸೆಟ್, ಅಂದರೆ ನಾಲ್ಕು ವರ್ಷದವರದ್ದು. ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗಳು ತನ್ನ ಮಗನಿಗೆ ಬಳಸಿ ಆದ ಮೇಲೆ ಕೊಟ್ಟಳು. ಇದರ ಬಲ ಒಂದೇ ಮಾತಿನಲ್ಲಿ ಹೇಳಬಹುದು: ಫೋನಿಕ್ಸ್, ಅಂದರೆ ಅಕ್ಷರದ ಶಬ್ದ ಹಿಡಿದು ಓದಲು ಕಲಿಸುವುದು. ಮೊದಲು ಸ್ವರದ ಶಬ್ದ, ಆಮೇಲೆ ವ್ಯಂಜನ, ಆಮೇಲೆ ಎರಡೂ ಕೂಡಿಸಿ ಬ, ಬೆ, ಬಿ, ಬೊ ಅಂತ ಏಣಿ ಹತ್ತಿಸುತ್ತಾರೆ. ನೋಡಿದ ಕೂಡಲೇ ಅತ್ತೆ "ಇದು ನಮ್ಮ ಕಾಗುಣಿತವೇ ಅಲ್ವಾ" ಅಂದರು. ನಿಜ. ಕನ್ನಡ ಕಾಗುಣಿತದ ರುಚಿ ಇದ್ದ ಮಗುವಿಗೆ ಈ ಭಾಗ ಕಷ್ಟವೇ ಆಗುವುದಿಲ್ಲ. ನನ್ನ ಮಗಳು ಕ, ಕಾ, ಕಿ, ಕೀ ಹಾಡಿಕೊಂಡು ಇದನ್ನೂ ಹಾಡಿಬಿಟ್ಟಳು. ತೊಡಕಾಗಿದ್ದು ಬ್ಯಾಟ್ ಮತ್ತು ಬೆಟ್ ನಡುವಿನ ಸ್ವರದಲ್ಲಿ. ನಾನೇ ಎರಡನ್ನೂ ಹೆಚ್ಚುಕಡಿಮೆ ಒಂದೇ ಥರ ಹೇಳುತ್ತೇನೆ, ಇನ್ನು ಅವಳಿಗೆ ಹೇಗೆ ಬೇರೆ ಮಾಡಿ ತೋರಿಸುವುದು!

ಆದರೆ ಇದರ ನಡಿಗೆ ತರಗತಿಯದ್ದು. ಟೀಚರ್ ಏನು ಹೇಳಬೇಕು, ಯಾವ ಕಾರ್ಡ್ ಯಾವಾಗ ಎತ್ತಬೇಕು ಎಲ್ಲವೂ ದಿನದ ಲೆಕ್ಕದಲ್ಲಿ ಬರೆದಿರುತ್ತದೆ. ಇಪ್ಪತ್ತು ಮಕ್ಕಳಿಗೆ ಪಾಠ ಮಾಡುವವರಿಗೆ ಇದು ವರ, ಒಂದು ಮಗುವಿನ ತಾಯಿಗೆ ಭಾರ. ವರ್ಕ್‌ಶೀಟ್ ಕೂಡ ಜಾಸ್ತಿ. ಕುಳಿತು ಬರೆಯಲು ಇಷ್ಟಪಡುವ ಮಕ್ಕಳಿದ್ದಾರೆ, ನಮ್ಮವಳು ಆ ಜಾತಿಯಲ್ಲ. ಇನ್ನೊಂದು, ಜುಲೈ ತಿಂಗಳಲ್ಲಿ ನಮ್ಮ ಊರಲ್ಲಿ ಕಾಗದದ ಮೇಲೆ ಕ್ರೇಯಾನ್ ಎಳೆದರೆ ಕಾಗದವೇ ಎದ್ದು ಬರುತ್ತದೆ. ಕರಾವಳಿಯವರು ವರ್ಕ್‌ಶೀಟ್ ಪುಸ್ತಕ ಕೊಂಡರೆ ಅದನ್ನು ಮಳೆಗಾಲದಲ್ಲಿ ಎಲ್ಲಿಡುವುದು ಎಂದೂ ಯೋಚಿಸಿ. ನಾವು ಅಕ್ಕಿ ಡಬ್ಬಿಯ ಪಕ್ಕದ ಸ್ಟೀಲ್ ಟ್ರಂಕಿನಲ್ಲಿ ಇಟ್ಟೆವು.

ಧರ್ಮದ ವಿಷಯಕ್ಕೆ ಬಂದರೆ ಅಬೆಕಾ ಗಟ್ಟಿ ಪ್ರೊಟೆಸ್ಟೆಂಟ್, ಬೈಬಲ್ ಅಂದರೆ ಕಿಂಗ್ ಜೇಮ್ಸ್ ಇಂಗ್ಲಿಷ್. ನಾಲ್ಕು ವರ್ಷದ ಮಗುವಿಗೆ ಆ ಹಳೆಯ ಇಂಗ್ಲಿಷಿನಲ್ಲಿ ವಾಕ್ಯ ಬಾಯಿಪಾಠ ಮಾಡಿಸುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ಆದರೆ ಅವರ ಬೈಬಲ್ ಕಥೆಯ ದೊಡ್ಡ ಚಿತ್ರದ ಕಾರ್ಡುಗಳಿವೆಯಲ್ಲ, ಅವು ಚಿನ್ನ. ಅತ್ತೆ ಇಂಗ್ಲಿಷ್ ಓದುವುದಿಲ್ಲ. ಕಾರ್ಡ್ ಹಿಡಿದು ಕೊಂಕಣಿಯಲ್ಲಿ ತಮ್ಮದೇ ಕಥೆ ಹೇಳುತ್ತಾರೆ, ಯೋಸೇಫನ ಅಣ್ಣಂದಿರಿಗೆ ಚೆನ್ನಾಗಿ ಬಯ್ಯುತ್ತಾರೆ ಕೂಡ. ಅಬೆಕಾದಲ್ಲಿ ಈಗಲೂ ನಮ್ಮಲ್ಲಿ ದಿನಾ ಬಳಕೆಯಾಗುವುದು ಆ ಕಾರ್ಡು ಮತ್ತು ಬ, ಬೆ, ಬಿ ಏಣಿ ಮಾತ್ರ.

ಬಿಫೋರ್ ಫೈವ್ ಇನ್ ಎ ರೋ ಇದಕ್ಕೆ ಪೂರಾ ವಿರುದ್ಧ. ಜೇನ್ ಕ್ಲೇರ್ ಲ್ಯಾಂಬರ್ಟ್ ಬರೆದದ್ದು, ಎರಡರಿಂದ ನಾಲ್ಕು ವರ್ಷದವರಿಗೆ. ಒಂದು ಚಿತ್ರಪುಸ್ತಕ ತೆಗೆದುಕೊಂಡು ಅದನ್ನೇ ಮತ್ತೆ ಮತ್ತೆ ಓದುವುದು, ಅದರ ಸುತ್ತ ಮಾತು, ಆಟ, ಅಡುಗೆ. ವರ್ಕ್‌ಶೀಟ್ ಇಲ್ಲ. ಒಂದೇ ಕಥೆಯನ್ನು ಹತ್ತು ಸಲ ಕೇಳುವುದು ಮಕ್ಕಳ ಸಹಜ ಸ್ವಭಾವ, ಇವರು ಅದನ್ನೇ ಪಾಠ ಮಾಡಿದ್ದಾರೆ. ಈ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ಯೋಚನೆ ಬೇರೆ ಇಲ್ಲ ಅಂತಲೇ ನನ್ನ ಅಭಿಪ್ರಾಯ.

ಕಷ್ಟ ಎಲ್ಲಿ ಅಂದರೆ, ನೀವು ಕೊಳ್ಳುವುದು ಮಾರ್ಗದರ್ಶಿ ಮಾತ್ರ. ಕಥೆಪುಸ್ತಕಗಳನ್ನು ಬೇರೆಯಾಗಿ ಹುಡುಕಬೇಕು. ಅಮೆರಿಕದಲ್ಲಿ ಮಗ್ಗುಲಿನ ಲೈಬ್ರರಿಯಲ್ಲಿ ಸಿಗುತ್ತವೆ. ನಮ್ಮ ಊರಿನ ಲೈಬ್ರರಿಯಲ್ಲಿ ಅವುಗಳ ಸುಳಿವೂ ಇಲ್ಲ, ಆನ್‌ಲೈನಿನಲ್ಲಿ ಒಂದೊಂದಾಗಿ ತರಿಸಿದರೆ ಪಠ್ಯಕ್ರಮಕ್ಕಿಂತ ಅದರ ಖರ್ಚೇ ಜಾಸ್ತಿ. ತರಿಸಿದರೂ ಕಥೆಗಳಲ್ಲಿ ಹಿಮ ಬೀಳುತ್ತಿರುತ್ತದೆ, ಬ್ಲೂಬೆರಿ ಕೀಳುತ್ತಿರುತ್ತಾರೆ. ಹೊರಗಿನ ಲೋಕ ಗೊತ್ತಾಗಲಿ, ಬೇಡ ಅನ್ನುವುದಿಲ್ಲ. ಆದರೆ ಕರವಂದ ಹಣ್ಣು ಕಿತ್ತು ಬಾಯಿ ನೇರಳೆ ಮಾಡಿಕೊಂಡು ಬರುವ ಹುಡುಗಿಗೆ ವಾರಗಟ್ಟಲೆ ಬ್ಲೂಬೆರಿ ವಿವರಿಸುವುದು ನನ್ನಿಂದ ಆಗಲಿಲ್ಲ. ಕೊನೆಗೆ ಅವರ ಕ್ರಮ ಇಟ್ಟುಕೊಂಡು ಪುಸ್ತಕ ಬದಲಾಯಿಸಿದೆ. ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ಪ್ರಥಮ್ ಬುಕ್ಸ್‌ನ ಕನ್ನಡ ಚಿತ್ರಪುಸ್ತಕಗಳು ಅಗ್ಗ, ಪ್ರಥಮ್‌ನವರ ಸ್ಟೋರಿವೀವರ್‌ನಲ್ಲಿ ಪುಕ್ಕಟೆಯಾಗಿಯೇ ಓದಬಹುದು. ಒಂದು ವಿಷಯ ಗಮನದಲ್ಲಿರಲಿ: ಕ್ರೈಸ್ತ ಕುಟುಂಬಗಳು ತುಂಬಾ ಬಳಸಿದರೂ ಇದರ ಜೀವ ಇರುವುದು ಕಥೆಪುಸ್ತಕಗಳಲ್ಲಿ. ದಿನಾ ಬೈಬಲ್ ಪಾಠ ಬೇಕು ಅನ್ನುವವರು ಅದನ್ನು ತಾವೇ ಸೇರಿಸಿಕೊಳ್ಳಬೇಕು.

ಲಿಟಲ್ ಹ್ಯಾಂಡ್ಸ್ ಟು ಹೆವೆನ್ ಹಾರ್ಟ್ ಆಫ್ ಡಕೋಟಾ ಎಂಬ ಸಂಸ್ಥೆಯದ್ದು. ಒಂದೇ ಪುಸ್ತಕ. ಎರಡರಿಂದ ಐದು ವರ್ಷದವರಿಗೆ, 33 ಘಟಕ, ಒಂದು ಘಟಕ ಸುಮಾರು ಒಂದು ವಾರಕ್ಕೆ. ಸೃಷ್ಟಿಯಿಂದ ಶುರುವಾಗಿ ಹಳೆ ಒಡಂಬಡಿಕೆ ದಾಟಿ ಯೇಸುವಿನ ಕಥೆಗೆ ಬರುತ್ತದೆ, ಕಥೆಯ ಜೊತೆಗೆ ಒಂದೊಂದು ಇಂಗ್ಲಿಷ್ ಅಕ್ಷರ. ದಿನಕ್ಕೆ ಕೆಲವು ಪುಟ್ಟ ಚಟುವಟಿಕೆ: ಬೆರಳು ಆಡಿಸುವ ಪದ್ಯ, ಕಥೆ, ಏನಾದರೂ ಅಂಟಿಸುವುದು, ಓಡಾಡುವ ಆಟ, ಎಣಿಕೆ. ಬೇಕಾದ ಸಾಮಾನೆಲ್ಲ ಮನೆಯಲ್ಲೇ ಇರುವಂಥದ್ದು. ಹಿಂದಿನ ರಾತ್ರಿ ಐದು ನಿಮಿಷ ಕಣ್ಣಾಡಿಸಿದರೆ ಸಾಕು, ಗಂಡ ರಾತ್ರಿ ಶಿಫ್ಟ್ ಮುಗಿಸಿ ಬಂದು ಮಲಗಿದ್ದರೂ ಅಂಗಳದಲ್ಲಿ ನಡೆಸಬಹುದು.

ಇದು ನಮ್ಮ ಊರಿಗೆ ಹೊಂದಿದ ಹಾಗೆ ಬೇರೆ ಯಾವುದೂ ಹೊಂದಲಿಲ್ಲ. ಕಾರಣ, ಬೈಬಲ್ ಕಥೆಗಳ ಅರ್ಧ ಲೋಕ ನಮ್ಮ ಬಾಗಿಲಲ್ಲೇ ಇದೆ. ದೋಣಿ, ಬಲೆ, ಬಿರುಗಾಳಿ, ಮೀನು. ನೋಹನ ಕಥೆಯನ್ನು ಜೂನ್‌ನಲ್ಲಿ ಮಾಡಿ ನೋಡಿ, ಮಳೆ ಅಂದರೇನು ಅಂತ ವಿವರಿಸಬೇಕಾಗಿಯೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಬೈತಖೋಲ ಬಂದರಿನಲ್ಲಿ ಬೋಟುಗಳೆಲ್ಲ ಸಾಲಾಗಿ ಕಟ್ಟಿರುತ್ತವೆ. ಅದನ್ನು ತೋರಿಸಿ ಪೇತ್ರನ ದೋಣಿಯ ಕಥೆ ಹೇಳಿದರೆ ಮಗಳ ಪ್ರಶ್ನೆ: "ಯೇಸು ಕರೆದಾಗ ಬಂದ್ ಇತ್ತಾ?" ಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ. ಮತ್ತಾಯ 13ರಲ್ಲಿ ಬಲೆಯ ಸಾಮತಿ, ಅಂದರೆ ದೃಷ್ಟಾಂತ ಕಥೆ, ಬರುತ್ತದಲ್ಲ, ಬಲೆ ತುಂಬಿದ ಮೇಲೆ ದಡಕ್ಕೆ ಎಳೆದು, ಕೂತು, ಒಳ್ಳೆಯದನ್ನು ಬುಟ್ಟಿಗೆ ಹಾಕಿ ಬೇಡದ್ದನ್ನು ಬಿಸಾಡುವುದು? ರಂಪಣಿ ಬಲೆ ಎಳೆಯುವುದನ್ನು ನೋಡಿದ ಮಗುವಿಗೆ ಅದು ಕಥೆಯೇ ಅಲ್ಲ, ಬೀಚಿನಲ್ಲಿ ಕಂಡ ಸಂಗತಿ. ಎಣಿಕೆಯ ಚಟುವಟಿಕೆಗೆ ನಾವು ಬಳಸಿದ್ದು ತಿಸ್ರೆ ಚಿಪ್ಪು. ತೊಳೆದು ಒಣಗಿಸಿ, ಸ್ವಲ್ಪ ದಿನ ವಾಸನೆ ಸಹಿಸಿಕೊಂಡರೆ ವರ್ಷಗಟ್ಟಲೆ ಬರುತ್ತದೆ.

ಕೊರತೆಗಳೂ ಇವೆ. ಪದ್ಯಗಳೆಲ್ಲ ಇಂಗ್ಲಿಷಿನಲ್ಲಿ, ಪ್ರಾಸಕ್ಕಾಗಿ ಬರೆದವು, ಅನುವಾದ ಮಾಡಲು ಹೋದರೆ ಕೆಡುತ್ತದೆ. ನಾವು ಅವನ್ನು ಬಿಟ್ಟು ಕೊಂಕಣಿ ಹಾಡು ಹಾಕಿಕೊಂಡೆವು. ಅಕ್ಷರದ ಭಾಗ ತೆಳು. ಐದು ತುಂಬಿದ ಚುರುಕು ಮಗುವಿಗೆ ಸಾಲದು, ಅಲ್ಲಿ ಅಬೆಕಾ ಮುಂದಿದೆ. ಇನ್ನು ನಮ್ಮಂಥ ಕ್ಯಾಥೊಲಿಕರಿಗೆ, ಸಂತರು ಇಲ್ಲ, ಮರಿಯಮ್ಮ ಕ್ರಿಸ್‌ಮಸ್ ಕಥೆಯ ಆಚೆ ಹೆಚ್ಚು ಕಾಣುವುದಿಲ್ಲ. ಸೆಪ್ಟೆಂಬರ್ 8ರ ತೆನೆ ಹಬ್ಬ, ಅಕ್ಟೋಬರ್‌ನ ಜಪಸರ ಎಲ್ಲ ನಾವೇ ಸೇರಿಸಿಕೊಳ್ಳಬೇಕು. ಸೇರಿಸುವುದು ಸುಲಭ, ಯಾಕೆಂದರೆ ಪುಸ್ತಕ ಸಣ್ಣದು, ಜಾಗ ಬಿಡುತ್ತದೆ. ಅಬೆಕಾದಲ್ಲಿ ಆ ಜಾಗ ಇಲ್ಲ.

ನಾಲ್ಕನೆಯದು ಡಬ್ಬಿಯಲ್ಲಿ ಬರುವ ಪಠ್ಯಕ್ರಮವೇ ಅಲ್ಲ. ಕ್ಯಾಟೆಕೆಸಿಸ್ ಆಫ್ ದ ಗುಡ್ ಶೆಫರ್ಡ್ ಅನ್ನುವ ಈ ಧರ್ಮಬೋಧನೆಯ ಪದ್ಧತಿ 1954ರಲ್ಲಿ ರೋಮಿನಲ್ಲಿ ಶುರುವಾಯಿತು. ಬೈಬಲ್ ವಿದ್ವಾಂಸೆ ಸೋಫಿಯಾ ಕವಲ್ಲೆಟ್ಟಿ ಮತ್ತು ಮಾಂಟೆಸ್ಸೊರಿ ಶಿಕ್ಷಕಿ ಜಿಯಾನ್ನಾ ಗೊಬ್ಬಿ ಸೇರಿ ಕಟ್ಟಿದ್ದು. ಮೊದಲ ಹಂತ 3ರಿಂದ 6 ವರ್ಷದವರಿಗೆ. ಮರದ ಪುಟ್ಟ ಕುರುಬ, ಮರದ ಕುರಿಗಳು, ಒಂದು ದೊಡ್ಡಿ. ಯೋಹಾನ 10ರ ಒಳ್ಳೆಯ ಕುರುಬನ ಮಾತನ್ನು ಓದಿ, ಬೊಂಬೆ ಸರಿಸಿ, "ಈ ಕುರಿಗಳು ಯಾರಿರಬಹುದು?" ಅಂತ ಕೇಳಿ ಸುಮ್ನೆ ಕೂರುವುದು. ಉತ್ತರ ಹೇಳಿಕೊಡಬಾರದು. ಇದೇ ಇದರ ಕಷ್ಟ. ನಮ್ಮಲ್ಲಿ ದೊಡ್ಡವರಿಗೆ ಮಗುವಿನ ಎದುರು ಸುಮ್ಮನಿರುವ ಅಭ್ಯಾಸವೇ ಇಲ್ಲ, ಅತ್ತೆಯಂತೂ ಎರಡು ಸೆಕೆಂಡಿಗೆ "ನೀನೇ ಕುರಿ ಮರಿ" ಅಂದುಬಿಟ್ಟರು.

ಸರಿಯಾಗಿ ಮಾಡಬೇಕಾದರೆ ಇದಕ್ಕೆ ತರಬೇತಿ ಬೇಕು, ಮಕ್ಕಳಿಗೆ ಪ್ರತ್ಯೇಕ ಕೋಣೆ ಬೇಕು. ನಮ್ಮಲ್ಲಿ ಎರಡೂ ಇಲ್ಲ. ಹಾಗಾಗಿ ನಾವು ಮಾಡುವುದನ್ನು ಆ ಪದ್ಧತಿ ಅನ್ನುವುದಿಲ್ಲ, ಅದರಿಂದ ತೆಗೆದುಕೊಂಡ ಒಂದು ತುಣುಕು ಅಷ್ಟೇ. ಕುರಿಗಳನ್ನು ಪರಿಚಯದ ಬಡಗಿಯೊಬ್ಬರು ಉಳಿದ ತುಂಡು ಮರದಲ್ಲಿ ಕಡೆದುಕೊಟ್ಟರು. ಖರ್ಚು ಅಬೆಕಾದ ಒಂದು ಪುಸ್ತಕದಷ್ಟೂ ಆಗಲಿಲ್ಲ. ಕರಾವಳಿಯ ಮಕ್ಕಳಿಗೆ ಕುರಿ ಮಂದೆ ಅಪರೂಪ, ಹುಬ್ಬಳ್ಳಿ ಕಡೆ ಹೋಗುವಾಗ ಕಾಣುವುದೇ. ಮಗಳು ಮೊದಲಿಗೆ ಅವನ್ನು ಆಡು ಅಂದಳು. ಆದರೆ ಭಾಷೆಯ ತಂಟೆ ಇಲ್ಲದ ಪದ್ಧತಿ ನಾಲ್ಕರಲ್ಲಿ ಇದೊಂದೇ. ಓದುವ ವಾಕ್ಯ ಯಾವ ಭಾಷೆಯ ಬೈಬಲಿನದಾದರೂ ಆಗುತ್ತದೆ, ಉಳಿದದ್ದೆಲ್ಲ ಕೈ ಮತ್ತು ಕಣ್ಣು.

ಎಸಿಇ (ಆಕ್ಸಲರೇಟೆಡ್ ಕ್ರಿಶ್ಚಿಯನ್ ಎಜುಕೇಷನ್) ಬಗ್ಗೆ ಕೆಲವರು ಕೇಳುತ್ತಾರೆ. ಮಗು ತಾನೇ ಪುಸ್ತಿಕೆ ಬರೆದು ಮುಂದೆ ಹೋಗುವ ಪದ್ಧತಿ ಅದು, ದೊಡ್ಡ ಮಕ್ಕಳಿಗೆ ಸರಿ. ಪ್ರೀಸ್ಕೂಲಿಗಾಗಿ ಅದನ್ನು ನೋಡಲು ನಾನು ಹೋಗಲೇ ಇಲ್ಲ.

ಈ ನಾಲ್ಕರ ಜೊತೆ ಒಂದನ್ನು ಹೇಳದಿದ್ದರೆ ಅನ್ಯಾಯ. ನಮ್ಮ ಅಂಗನವಾಡಿಗಳಲ್ಲಿ ಬಳಸುವ ‘ಚಿಲಿಪಿಲಿ’ ಚಟುವಟಿಕೆಗಳನ್ನು ಟೀಚರಮ್ಮನ ಹತ್ತಿರ ಕೇಳಿ ನೋಡಿದೆ. ಕ್ರೈಸ್ತ ವಿಷಯ ಅದರಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ವಿಂಗಡಿಸುವುದು, ಹೋಲಿಸುವುದು, ಅಭಿನಯ ಗೀತೆ ಎಲ್ಲ ಕನ್ನಡದಲ್ಲೇ ಇದೆ. ಚಿಕ್ಕ ಮಕ್ಕಳಿಗೆ ಮನೆ ಮಾತಿನಲ್ಲೇ ಕಲಿಸಿ ಅಂತ 2020ರ ಶಿಕ್ಷಣ ನೀತಿಯೂ ಹೇಳುತ್ತದೆ. ಡಾಲರ್ ಕೊಟ್ಟು ತರಿಸುವ ಮೊದಲು ಇದನ್ನೊಮ್ಮೆ ನೋಡಿ. ಬೈಬಲ್ ಕಥೆ ಮನೆಯಲ್ಲೇ ಹೇಳುವವರಿಗೆ ಇಷ್ಟೇ ಸಾಕಾಗಲೂಬಹುದು.

ಹಾಗಾದರೆ ಯಾರಿಗೆ ಯಾವುದು? ಮನೆಯಲ್ಲಿ ಇಂಗ್ಲಿಷ್ ಧಾರಾಳವಾಗಿದ್ದು, ಮಗುವಿಗೆ ಬರೆಯುವ ಆಸೆ ಇದ್ದು, ನಾಳೆ ಇಂಗ್ಲಿಷ್ ಮೀಡಿಯಂ ಶಾಲೆಯ ಪ್ರವೇಶ ಪರೀಕ್ಷೆಯ ಚಿಂತೆಯೂ ಇದ್ದರೆ ಅಬೆಕಾ. ನೌಕಾನೆಲೆ ಕಡೆ ವರ್ಗವಾಗುತ್ತಾ ಇರುವ ಕುಟುಂಬಗಳಿಗೆ ಅದರ ದಿನದ ಲೆಕ್ಕ ಅನುಕೂಲವೇ, ಊರು ಬದಲಾದರೂ ಪಾಠ ತಪ್ಪುವುದಿಲ್ಲ. ಪುಸ್ತಕದ ಹುಚ್ಚಿರುವವರಿಗೆ ಬಿಫೋರ್ ಫೈವ್, ಆದರೆ ಕನ್ನಡ ಪುಸ್ತಕ ಹಾಕಿಕೊಂಡು. ಉಳಿದವರಿಗೆ ಲಿಟಲ್ ಹ್ಯಾಂಡ್ಸ್.

ತರಿಸುವುದಾದರೆ ಹೊಸದು ಬೇಡ. ವಿದೇಶದ ಪುಸ್ತಕಕ್ಕೆ ಶೇಕಡಾ 5 ಸುಂಕ 2019ರ ಬಜೆಟ್‌ನಲ್ಲಿ ಬಂತು, ಅದು ದೊಡ್ಡದಲ್ಲ, ದೊಡ್ಡದು ಕೊರಿಯರ್ ಖರ್ಚು. ಗೋವಾ, ಬೆಂಗಳೂರಿನ ಹೋಮ್‌ಸ್ಕೂಲ್ ತಾಯಂದಿರು ಬಳಸಿದ ಸೆಟ್ ಮಾರುತ್ತಾರೆ, ಮಡಗಾಂವ್ ರೈಲಿನಲ್ಲಿ ಒಬ್ಬರ ಕೈಯಲ್ಲಿ ಕಳಿಸಿದರೂ ಬರುತ್ತದೆ. ಬರೆದು ತುಂಬಿಸಿದ ವರ್ಕ್‌ಶೀಟ್ ಪುಸ್ತಕ ಮಾತ್ರ ತೆಗೆದುಕೊಳ್ಳಬೇಡಿ. ಕಾರ್ಡು, ಮಾರ್ಗದರ್ಶಿ ಹಳೆಯದಾದರೆ ನಷ್ಟವಿಲ್ಲ. ಮತ್ತು ದಯವಿಟ್ಟು ಮಳೆ ಶುರುವಾಗುವ ಮುಂಚೆ ತರಿಸಿ.