ಅಬ್ಷಾಲೋಮನ ಪಾಠಕ್ಕಾಗಿ ಹೋಗಿ: ತಂದೆಯರಿಗಾಗಿ ನಡೆದ ಏಳು ಸಂಜೆಗಳ ಅಧ್ಯಯನದ ವಿಮರ್ಶೆ

ಕ್ರೈಸ್ತ ಸಭೆಯೊಂದು ತಂದೆಯರಿಗಾಗಿಯೇ ಏರ್ಪಡಿಸಿದ್ದ 7 ವಾರಗಳ ಸತ್ಯವೇದ (ಬೈಬಲ್) ಅಧ್ಯಯನವನ್ನು ಮುಗಿಸಿ ಬಂದಿದ್ದೇನೆ. ವಾರಕ್ಕೊಂದು ಸಂಜೆ, ಪ್ರತಿ ಸಲ ಒಂದೂವರೆ ಗಂಟೆ, ಒಟ್ಟು 14 ಮಂದಿ, ತಲೆಗೊಂದು ತೆಳ್ಳನೆಯ ಕೈಪಿಡಿ. ಒಳ್ಳೆಯ ತಂದೆ ಎಂದರೆ ಯಾರು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹಳೆಯ ಮತ್ತು ಹೊಸ ಒಡಂಬಡಿಕೆಗಳನ್ನು ಓದಿಸುವುದು ಇದರ ಉದ್ದೇಶ. ನನ್ನ ಹೆಸರನ್ನು ಬರೆಸಿದವಳು ನನ್ನ ಹೆಂಡತಿ. ಅದರಲ್ಲೇ ಒಂದು ವಿಮರ್ಶೆ ಅಡಗಿತ್ತೆಂಬುದು ನನಗೆ ತಡವಾಗಿ ಹೊಳೆಯಿತು.

ಮೊದಲ ಸಂಜೆ ನಿರಾಸೆ ತಂದಿತು. ಒಳ್ಳೆಯ ತಂದೆಯ ಗುಣಗಳೆಂದು ಕೈಪಿಡಿಯಲ್ಲಿ ಒಂದು ಉದ್ದನೆಯ ಪಟ್ಟಿ ಇದೆ: ತಾಳ್ಮೆ, ಪ್ರಾಮಾಣಿಕತೆ, ಪ್ರಾರ್ಥನೆ, ದುಡಿಮೆ, ಹೀಗೆ. ಪ್ರತಿಯೊಂದರ ಮುಂದೆ ನಮಗೆ ನಾವೇ ಅಂಕ ಕೊಟ್ಟುಕೊಳ್ಳಬೇಕು. ಕಚೇರಿಯಲ್ಲಿ ವರ್ಷಕ್ಕೊಮ್ಮೆ ತುಂಬಿಸುವ ನಮೂನೆಯ ನೆನಪಾಗಿ, ಅಲ್ಲಿ ಮಾಡುವಂತೆಯೇ ಎಲ್ಲದಕ್ಕೂ ಹತ್ತರಲ್ಲಿ ಏಳು ಹಾಕಿ ಕುಳಿತೆ. ಮನೆಯಲ್ಲಿ ತಂದೆಯೇ ದೇವರ ಪ್ರತಿನಿಧಿ ಎಂಬ ಮಾತೂ ಅಂದು ಎರಡು ಮೂರು ಸಲ ಬಂದಿತು. ಈ ಮಾತನ್ನು ಕೇಳಿದ ತಂದೆ ತನ್ನ ಹೊಣೆಯನ್ನು ನೆನೆದು ನಡುಗಬೇಕು. ಆದರೆ ಸಾಮಾನ್ಯವಾಗಿ ಆಗುವುದು ಅದಲ್ಲ, ಕುರ್ಚಿಯಲ್ಲಿ ಇನ್ನಷ್ಟು ನೆಟ್ಟಗೆ ಕೂರುತ್ತಾನೆ.

ಎರಡನೆಯ ಸಂಜೆಯಿಂದ ಅಧ್ಯಯನದ ಮಟ್ಟವೇ ಬದಲಾಯಿತು. ಅಂದಿನ ಪಾಠ ಎಫೆಸದವರಿಗೆ ಬರೆದ ಪತ್ರಿಕೆಯ 6:4. ಮಕ್ಕಳಿಗೆ ಕೋಪವೆಬ್ಬಿಸಬೇಡಿರಿ, ಕರ್ತನ ಶಿಕ್ಷಣದಲ್ಲಿಯೂ ಉಪದೇಶದಲ್ಲಿಯೂ ಅವರನ್ನು ಬೆಳೆಸಿರಿ ಎನ್ನುವ ಈ ವಚನವನ್ನು ನಾನು ಎಷ್ಟೋ ಸಲ ಕೇಳಿದ್ದೆ. ಅದು ಯಾವ ಕಾಲದಲ್ಲಿ, ಯಾರ ಕಿವಿಗೆ ಬಿದ್ದ ಮಾತು ಎಂದು ಯೋಚಿಸಿರಲಿಲ್ಲ. ಬೋಧಕರು ರೋಮನ್ ಕಾನೂನಿನಲ್ಲಿ ತಂದೆಗಿದ್ದ ಅಧಿಕಾರವನ್ನು ವಿವರಿಸಿದರು: ಹುಟ್ಟಿದ ಕೂಸನ್ನು ಸಾಕಬೇಕೋ ಬಿಸಾಡಬೇಕೋ ಎಂಬ ತೀರ್ಮಾನ ಅವನದು, ಬೆಳೆದು ದೊಡ್ಡವರಾದ ಮಕ್ಕಳೂ ಅವನು ಬದುಕಿರುವವರೆಗೆ ಅವನ ಅಧೀನದಲ್ಲಿಯೇ ಇರಬೇಕು. ಅಂತಹ ಲೋಕದಲ್ಲಿ ಮಕ್ಕಳ ಮನಸ್ಸು ನೋಯಬಾರದೆಂದು ತಂದೆಗೇ ಆಜ್ಞೆ ಹೊರಟಿತು. ಇನ್ನೊಂದು ಸೂಕ್ಷ್ಮವನ್ನೂ ಅವರು ತೋರಿಸಿದರು. ‘ಬೆಳೆಸಿರಿ’ ಎನ್ನುವಲ್ಲಿ ಮೂಲ ಗ್ರೀಕಿನಲ್ಲಿರುವ ಕ್ರಿಯಾಪದವೇ ಹಿಂದಿನ ಅಧ್ಯಾಯದ 29ನೆಯ ವಚನದಲ್ಲಿಯೂ ಇದೆ. ಅಲ್ಲಿ ಅದು ಮನುಷ್ಯನು ತನ್ನ ಸ್ವಂತ ದೇಹವನ್ನು ಪೋಷಿಸುವುದನ್ನು ಹೇಳುತ್ತದೆ. ಒಂದು ಕ್ರಿಯಾಪದವನ್ನು ಇಟ್ಟುಕೊಂಡು ಅರ್ಧ ಗಂಟೆ ಮಾತಾಡಿದರೂ ಯಾರೂ ಗಡಿಯಾರ ನೋಡಲಿಲ್ಲ.

ಅದೇ ಸಂಜೆ ಬೆತ್ತದ ಪ್ರಶ್ನೆ ಬಂದಾಗ ಮಾತ್ರ ಬೋಧಕರು ಸುಲಭದ ದಾರಿ ಹಿಡಿದರೆಂದು ನನ್ನ ಆಕ್ಷೇಪ. ಬೆತ್ತ ಹಿಡಿಯದವನು ಮಗನನ್ನು ದ್ವೇಷಿಸುತ್ತಾನೆ ಎಂಬ ಜ್ಞಾನೋಕ್ತಿ 13:24ಕ್ಕೆ ಅವರು ಕೊಟ್ಟ ಉತ್ತರವೆಂದರೆ, ಇಲ್ಲಿ ಬಳಸಿರುವ ಹೀಬ್ರೂ ಪದವೇ 23ನೆಯ ಕೀರ್ತನೆಯಲ್ಲಿ ಕುರುಬನ ಕೋಲಿಗೂ ಬಂದಿದೆ, ಆದ್ದರಿಂದ ಅದು ದಾರಿ ತೋರುವ ಕೋಲೇ ಹೊರತು ಹೊಡೆಯುವ ಕೋಲಲ್ಲ ಎಂಬುದು. ಪದ ಒಂದೇ ಎಂಬುದು ನಿಜ. ಆದರೆ ಅದೇ ಪುಸ್ತಕದ 23:13 ಹೊಡೆಯುವ ಮಾತನ್ನೇ ಮುಚ್ಚುಮರೆಯಿಲ್ಲದೆ ಆಡುತ್ತದೆ. ಇದನ್ನು ಒಪ್ಪಿಕೊಂಡು, ಮಕ್ಕಳ ಮನಸ್ಸು ಕುಂದದಂತೆ ನೋಡಿಕೊಳ್ಳಿರಿ ಎನ್ನುವ ಕೊಲೊಸ್ಸೆಯವರ ಪತ್ರಿಕೆಯ 3:21ರ ಬೆಳಕಿನಲ್ಲಿ ಈ ಹಳೆಯ ಮಾತುಗಳನ್ನು ನಾವು ಹೇಗೆ ಓದಬೇಕು ಎಂದು ಚರ್ಚಿಸಬಹುದಿತ್ತು. ಚಿಕ್ಕಂದಿನಲ್ಲಿ ಪೆಟ್ಟು ತಿಂದು ಬೆಳೆದ ಇಬ್ಬರು ಕೋಣೆಯಲ್ಲಿದ್ದರು. ಅವರ ಎದುರಿಗೆ ಕುರುಬನ ಕೋಲಿನ ವಿವರಣೆ ಬಹಳ ತೆಳುವಾಗಿ ಕೇಳಿಸಿತು.

ಯಾಜಕನಾದ ಏಲಿಯ ಪಾಠ ಚೆನ್ನಾಗಿಯೇ ಇತ್ತು. ದಾರಿತಪ್ಪಿದ ತನ್ನ ಮಕ್ಕಳಾದ ಹೊಫ್ನಿ ಮತ್ತು ಫೀನೆಹಾಸರನ್ನು ಅವನು ಬಾಯಿಮಾತಿನಲ್ಲಿ ಗದರಿಸಿದ, ಆದರೆ ತಡೆಯಲಿಲ್ಲ. ಅದಕ್ಕಾಗಿ ದೇವರು ಕೊಟ್ಟ ತೀರ್ಪನ್ನು ಏಲಿಗೆ ತಿಳಿಸಿದ ಬಾಲಕ ಸಮುವೇಲನ ಮಕ್ಕಳೇ ಮುಂದೆ ಲಂಚಕೋರರಾದರೆಂಬುದನ್ನು ಕೈಪಿಡಿ ಬಿಟ್ಟಿದೆ. ಅದನ್ನೂ ಸೇರಿಸಿದ್ದರೆ ಪಾಠ ಇನ್ನಷ್ಟು ಪ್ರಾಮಾಣಿಕವಾಗುತ್ತಿತ್ತು.

ಈ ಅಧ್ಯಯನಕ್ಕೆ ಹೋಗಲೇಬೇಕಾದ ಕಾರಣ ನಾಲ್ಕನೆಯ ಸಂಜೆ. ಅಂದು ಓದಿದ್ದು ಎರಡನೆಯ ಸಮುವೇಲನ ಪುಸ್ತಕದ 13ರಿಂದ 18ರವರೆಗಿನ ಅಧ್ಯಾಯಗಳು, ಅಂದರೆ ಅರಸ ದಾವೀದ ಮತ್ತು ಅವನ ಮಗ ಅಬ್ಷಾಲೋಮ. ಭಾಷಣವಿಲ್ಲ, ಒಬ್ಬೊಬ್ಬರು ಒಂದೊಂದು ಭಾಗವನ್ನು ಗಟ್ಟಿಯಾಗಿ ಓದುವುದು, ಪ್ರತಿ ಭಾಗದ ಕೊನೆಗೆ ‘ಇಲ್ಲಿ ತಂದೆ ಏನು ಮಾಡಿದ?’ ಎಂಬ ಒಂದೇ ಪ್ರಶ್ನೆಗೆ ಉತ್ತರಿಸುವುದು. ಹಿರಿಯ ಮಗ ಅಮ್ನೋನ ಅಬ್ಷಾಲೋಮನ ಸಹೋದರಿ ತಾಮಾರಳನ್ನು ಕೆಡಿಸಿದ ಸುದ್ದಿ ಕೇಳಿ ದಾವೀದನಿಗೆ ಬಹಳ ಸಿಟ್ಟು ಬಂದಿತು. ಮುಂದೆ ಏನು ಮಾಡಿದ? ಏನೂ ಇಲ್ಲ. ಎರಡು ವರ್ಷಗಳ ಬಳಿಕ ಅಬ್ಷಾಲೋಮ ತಾನೇ ಅಣ್ಣನನ್ನು ಕೊಲ್ಲಿಸಿ ಗೆಷೂರಿಗೆ ಓಡಿಹೋಗಿ 3 ವರ್ಷ ಅಲ್ಲಿದ್ದ. ತಂದೆ ಏನು ಮಾಡಿದ? ಮನಸ್ಸಿನಲ್ಲೇ ಹಂಬಲಿಸಿದ. ಕೊನೆಗೆ ಸೇನಾಪತಿ ಯೋವಾಬನ ಉಪಾಯದಿಂದ ಮಗ ಯೆರೂಸಲೇಮಿಗೆ ಮರಳಿದರೂ, ಅವನು ತನ್ನ ಮುಖ ನೋಡಕೂಡದೆಂದು ಅರಸ ಅಪ್ಪಣೆ ಮಾಡಿದ. ಒಂದೇ ಊರಿನಲ್ಲಿ 2 ವರ್ಷ ತಂದೆಯ ಮುಖ ಕಾಣದೆ ಕಳೆದ ಮಗ, ಎರಡು ಸಲ ಹೇಳಿಕಳುಹಿಸಿದರೂ ಬಾರದ ಯೋವಾಬನ ಜವೆಗೋದಿಯ ಹೊಲಕ್ಕೆ ಬೆಂಕಿ ಹಚ್ಚಿಸಿದ. ತನ್ನ ಕಡೆಗೆ ಯಾರಾದರೂ ತಿರುಗಿ ನೋಡಲೆಂದು ಮಗ ಹಚ್ಚುವ ಬೆಂಕಿ ಎಂಥದ್ದೆಂಬುದನ್ನು ಹದಿಹರೆಯದ ಮಕ್ಕಳಿರುವ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಮಗನನ್ನು ಊರಿಗೆ ಕರೆಸುವಾಗಲೂ, ಮುಂದೆ ದಂಗೆಯೆದ್ದ ಅವನ ವಿರುದ್ಧ ಸೇನೆ ಹೊರಡುವಾಗಲೂ ದಾವೀದ ಬಳಸುವ ಪದ ‘ಆ ಯೌವನಸ್ಥ’. ಮಗ ಸತ್ತ ಸುದ್ದಿ ಬಂದ ಮೇಲೆ 18:33ರ ಒಂದೇ ವಚನದಲ್ಲಿ ‘ನನ್ನ ಮಗನೇ’ ಎಂಬ ಕೂಗು ಮೂಲದಲ್ಲಿ 5 ಸಲ ಬರುತ್ತದೆ. ಆ ಭಾಗವನ್ನು ಓದುವ ಸರದಿ ನನ್ನದಾಗಿತ್ತು. ಓದಿ ಮುಗಿಸಿದ ಮೇಲೆ ಬೋಧಕರು ಪ್ರಶ್ನೆ ಕೇಳಲಿಲ್ಲ, ಪ್ರಾರ್ಥನೆಯನ್ನೂ ಮಾಡಲಿಲ್ಲ, ಹಾಗೇ ಬಿಟ್ಟರು. ಬೋಧನೆಯಲ್ಲಿ ಇಷ್ಟು ಹದವರಿತ ಮೌನವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ವಾರದ ಮನೆಗೆಲಸ ನೋಡಲು ಸರಳವಾಗಿತ್ತು: ದಿನಕ್ಕೆ 10 ನಿಮಿಷ ಮಗುವಿನ ಎದುರು ಕುಳಿತು, ಓದು, ಅಂಕ, ನಡತೆ ಯಾವುದನ್ನೂ ಎತ್ತದೆ, ಕೈಯಲ್ಲಿ ಮೊಬೈಲ್ ಇಲ್ಲದೆ ಮಾತಾಡಬೇಕು. ಹದಿಮೂರು ವರ್ಷದ ನನ್ನ ಮಗಳು ಕೆಟ್ಟುಹೋದ ಕೈಗಡಿಯಾರವೊಂದನ್ನು ಬಿಚ್ಚಿ, ಅದರ ಎಳ್ಳಿನಷ್ಟು ಸಣ್ಣ ತಿರುಪುಗಳನ್ನು ಬಾಟಲಿಯ ಮುಚ್ಚಳದಲ್ಲಿ ಒಂದೊಂದಾಗಿ ಇಟ್ಟುಕೊಳ್ಳುತ್ತಿದ್ದಳು. ಹೋಗಿ ಪಕ್ಕದಲ್ಲಿ ಕುಳಿತೆ. ಮೂರನೆಯ ನಿಮಿಷಕ್ಕೆ ನನ್ನ ಬಾಯಿಂದ ‘ನಾಳೆ ಪರೀಕ್ಷೆ ಇಲ್ಲವೇನಮ್ಮಾ?’ ಎಂಬ ಮಾತು ಹೊರಟಿತು. ಅವಳು ತಲೆ ಎತ್ತದೆ, ‘ಅಪ್ಪಾ, ಇನ್ನೂ ಹತ್ತು ನಿಮಿಷ ಆಗಿಲ್ಲ’ ಎಂದಳು. ಕೈಪಿಡಿಯನ್ನು ನನಗಿಂತ ಮೊದಲೇ ಓದಿದ್ದಳು.

ಆಸ್ತಿ ಹಾಳುಮಾಡಿ ಮನೆಗೆ ಮರಳುವ ‘ತಪ್ಪಿಹೋದ ಮಗ’ನ ಸಾಮ್ಯಕ್ಕೆ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಗೆ, ಒಂದು ಸಂಜೆ ಮೀಸಲಾಗಿತ್ತು. ಅದು ಎಲ್ಲರಿಗೂ ಬಾಯಿಪಾಠವಾಗಿರುವುದರಿಂದ ಹೆಚ್ಚು ಹೊಸತೇನೂ ಸಿಗಲಿಲ್ಲ. ಆದರೂ ಲೂಕ 15:20ರಲ್ಲಿ ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಅವನನ್ನು ಕಂಡು ಓಡಿದ್ದನ್ನು, 28ರಲ್ಲಿ ಸಿಟ್ಟುಗೊಂಡು ಹೊರಗೆ ನಿಂತ ಹಿರಿಯ ಮಗನ ಬಳಿಗೂ ಅದೇ ತಂದೆ ಎದ್ದು ಬಂದದ್ದನ್ನು ದಾವೀದನ ಬಳಿಕ ಓದಿದಾಗ ಬೇರೆಯದೇ ತೂಕ ಬರುತ್ತದೆ. ಪಾಠಗಳ ಕ್ರಮವನ್ನು ಜೋಡಿಸಿದವರಿಗೆ ಇದರ ಶ್ರೇಯಸ್ಸು ಸಲ್ಲಬೇಕು.

ಕೊರತೆಗಳೂ ಇವೆ. ಯೇಸುವಿನ ತಾಯಿ ಮರಿಯಳ ಗಂಡನಾದ ಯೋಸೇಫನಿಗೆ ಕೇವಲ ಕಾಲು ಗಂಟೆ ಸಿಕ್ಕಿತು. ಸುವಾರ್ತೆಗಳಲ್ಲಿ ಅವನು ಆಡಿದ ಒಂದು ಮಾತೂ ದಾಖಲಾಗಿಲ್ಲ. ಮತ್ತಾಯನಲ್ಲಿ ಕನಸು ಕಾಣುತ್ತಾನೆ, ಏಳುತ್ತಾನೆ, ಹೇಳಿದಂತೆ ಮಾಡುತ್ತಾನೆ. ತನಗೆ ಹುಟ್ಟಿರದ ಮಗುವಿಗಾಗಿ ರಾತ್ರೋರಾತ್ರಿ ಐಗುಪ್ತಕ್ಕೆ ಹೊರಟ ಈ ಮನುಷ್ಯನ ಬಗ್ಗೆ ಪೋಪ್ ಫ್ರಾನ್ಸಿಸ್ 2020ರ ಡಿಸೆಂಬರ್ 8ರಂದು ಒಂದು ಇಡೀ ಪತ್ರವನ್ನೇ ಬರೆದು, ಯಾರೂ ತಂದೆಯಾಗಿ ಹುಟ್ಟುವುದಿಲ್ಲ, ತಂದೆಯಾಗುತ್ತಾರೆ ಎಂಬ ಅರ್ಥದ ಮಾತನ್ನು ಹೇಳಿದ್ದರು. ಪ್ರೊಟೆಸ್ಟೆಂಟ್ ಸಭೆಯ ಅಧ್ಯಯನವಾದ್ದರಿಂದ ಅದು ಬಾರದಿದ್ದರೆ ಹೋಗಲಿ. ಮಗುವಿನ ಮಲಿನ ಬಟ್ಟೆ ಒಗೆಯುವ ತಂದೆಯನ್ನು ಲೋಕ ನಕ್ಕರೂ ದೇವರು ದೂತರೊಂದಿಗೆ ಮೆಚ್ಚಿ ಮುಗುಳ್ನಗುತ್ತಾನೆಂದು 1522ರಲ್ಲೇ ಬರೆದ, ಪ್ರೊಟೆಸ್ಟೆಂಟ್ ಸುಧಾರಣೆಯ ಮುಂದಾಳು ಲೂಥರನಾದರೂ ಬರಬೇಕಿತ್ತು. ಇಡೀ ಕೈಪಿಡಿಯಲ್ಲಿ ಒಗೆಯುವ, ಉಣಿಸುವ, ಜ್ವರ ಬಂದ ಮಗುವಿನ ಬಳಿ ರಾತ್ರಿ ಕೂರುವ ತಂದೆ ಎಲ್ಲಿಯೂ ಇಲ್ಲ.

ಇನ್ನೂ ದೊಡ್ಡ ಕೊರತೆ, ಒಳ್ಳೆಯ ತಂದೆಯನ್ನು ಕಾಣದೆ ಬೆಳೆದವರ ಬಗ್ಗೆ ತಯಾರಿ ಇಲ್ಲದಿರುವುದು. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಮೊದಲ ಸಾಲು ತನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ತಾನು ಎರಡನೆಯ ಸಾಲಿನಿಂದ ಆರಂಭಿಸುತ್ತೇನೆ ಎಂದು ಒಬ್ಬರು ಆರನೆಯ ಸಂಜೆ ಹೇಳಿದರು. ದಿಕ್ಕಿಲ್ಲದವರಿಗೆ ದೇವರೇ ತಂದೆ ಎನ್ನುವ 68ನೆಯ ಕೀರ್ತನೆಯ ವಚನವನ್ನು ಓದಿ, ಬೋಧಕರು ಮುಂದಿನ ಪುಟಕ್ಕೆ ಹೋದರು. ಅಂಥವರ ಜತೆ ಪ್ರತ್ಯೇಕವಾಗಿ ಕೂತು ಮಾತಾಡುವ ಹಿರಿಯರೊಬ್ಬರನ್ನು ಮೊದಲೇ ಗೊತ್ತುಮಾಡಿಡಬೇಕೆಂದು ಅಭಿಪ್ರಾಯದ ಹಾಳೆಯಲ್ಲಿ ಬರೆದು ಕೊಟ್ಟಿದ್ದೇನೆ.

ಮಕ್ಕಳು ಹತ್ತು ವರ್ಷ ದಾಟಿದ ತಂದೆಯರಿಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಕೂಸು ಕೈಯಲ್ಲಿರುವವರಿಗೆ ಇದರಲ್ಲಿ ಅಷ್ಟು ಸಿಗದು. ಒಂದೂ ಸಂಜೆ ತಪ್ಪಿಸಬೇಡಿ ಎಂದು ಆಯೋಜಕರು ಹೇಳುತ್ತಾರೆ. ಎರಡನೆಯ ವಾರದಿಂದ ಸೇರಿಸಿಕೊಳ್ಳುವುದಾದರೆ ಎರಡನೆಯ ವಾರದಿಂದಲೇ ಹೋಗಿ.