ಒಂದು ಯುಗಳಗೀತೆ, ಮೂರು ಮೈಕು

ಹಾಡು ಒಂದೇ, 'ಎಂದೆಂದೂ ನಿನ್ನನು ಮರೆತು'. 1974ರ 'ಎರಡು ಕನಸು' ಚಿತ್ರದ್ದು. ರಾಜನ್-ನಾಗೇಂದ್ರ ಸಂಗೀತ, ಪಿ.ಬಿ. ಶ್ರೀನಿವಾಸ್ ಮತ್ತು ವಾಣಿ ಜಯರಾಂ ದನಿ. ಎಂಟು ತಿಂಗಳಿಂದ ಇದನ್ನು ಮೂರು ಕಡೆ ಹಾಡಿ ನೋಡಿದ್ದೇನೆ. ಮೊದಲು ಫೋನಿನ ಆ್ಯಪ್‌ನಲ್ಲಿ, ಆಮೇಲೆ ಮನೆಯಲ್ಲಿ ಬ್ಲೂಟೂತ್ ಮೈಕ್ ಹಿಡಿದು, ಈಗ ಭಾನುವಾರದ ಕರೋಕೆ ಕ್ಲಬ್‌ನಲ್ಲಿ. ನಾನೇನೂ ಹಾಡುಗಾರನಲ್ಲ. ಬ್ಯಾಂಕಿನಿಂದ ನಿವೃತ್ತನಾದ ಬಾತ್‌ರೂಂ ಸಿಂಗರ್, ಅಷ್ಟೇ.

ಜೋಡಿ ಹಾಡನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಒಬ್ಬನೇ ಹಾಡುವಾಗ ಅರ್ಧ ಮಾತ್ರೆ ಹಿಂದೆ ಬಿದ್ದರೂ ಹೇಗೋ ಸಾಗುತ್ತದೆ. ಜೋಡಿಯಲ್ಲಿ ನಮ್ಮ ಸಾಲು ಮುಗಿಯುವುದನ್ನೇ ಇನ್ನೊಬ್ಬರು ಕಾಯುತ್ತಿರುತ್ತಾರೆ. ತಡವಾದರೆ ಸಿಕ್ಕಿಬೀಳುತ್ತೇವೆ. ಅದರಲ್ಲೂ ಹಳೆಯ ಹಾಡುಗಳು ನಿಧಾನ. ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ.

ಸ್ಮ್ಯೂಲ್, ಸ್ಟಾರ್‌ಮೇಕರ್ ತರಹದ ಆ್ಯಪ್‌ಗಳ ವಿಷಯ ಬಹಳ ಜನರಿಗೆ ಗೊತ್ತಿದೆ. ನಾನು ಹಾಕಿಕೊಂಡದ್ದು ಅಂಥದೇ ಒಂದು, ಹೆಸರು ಬೇಡ. ಒಬ್ಬರು ತಮ್ಮ ಭಾಗ ಹಾಡಿ ಬಿಟ್ಟಿರುತ್ತಾರೆ, ನಾವು ಉಳಿದ ಭಾಗ ತುಂಬಬೇಕು. ನನಗೆ ಸಿಕ್ಕಿದ್ದು ದುಬೈಯಲ್ಲಿರುವ ಕನ್ನಡತಿಯೊಬ್ಬರ ದನಿ. ಒಳ್ಳೆಯ ಕಂಠ. ನಾನು ಮಗ ಕೊಡಿಸಿದ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಹಾಡಿದೆ. ಕೇಳಿ ನೋಡಿದರೆ ಸಾಲಿಗೊಂದು ಸಲ ಅವರ ಹಿಂದೆ ಓಡಿ ಬಸ್ಸು ತಪ್ಪಿಸಿಕೊಂಡವನ ಹಾಗಿದ್ದೆ.

ತಾಳ ನನಗೆ ಅಷ್ಟೂ ಬರುವುದಿಲ್ಲವೇ ಅಂತ ಎರಡು ದಿನ ಬೇಜಾರು ಮಾಡಿಕೊಂಡೆ. ಆಮೇಲೆ ಮಗನೇ ಬಿಡಿಸಿ ಹೇಳಿದ. ಬ್ಲೂಟೂತ್‌ನಲ್ಲಿ ಟ್ರ್ಯಾಕ್, ಅಂದರೆ ನಾವು ಜೊತೆಗೆ ಹಾಡುವ ಹಿನ್ನೆಲೆ ಸಂಗೀತ, ಕಿವಿ ಮುಟ್ಟುವುದಕ್ಕೇ ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವೊಮ್ಮೆ ಇನ್ನೂ ಜಾಸ್ತಿ ಹೊತ್ತು ಹಿಡಿಯುತ್ತದೆ. ನಾನು ಕೇಳಿದ್ದಕ್ಕೆ ಸರಿಯಾಗಿಯೇ ಹಾಡಿದ್ದೆ. ಕೇಳಿದ್ದೇ ತಡವಾಗಿತ್ತು. ಹಳೇ ವೈರ್ ಇಯರ್‌ಫೋನ್ ಹುಡುಕಿ ಚುಚ್ಚಿದೆ. ಮುಕ್ಕಾಲು ಪಾಲು ಸರಿಹೋಯಿತು. ಉಳಿದದ್ದು ನಿಜವಾಗಿ ನನ್ನದೇ ತಪ್ಪು.

ಆ್ಯಪ್‌ನ ದೊಡ್ಡ ಉಪಕಾರ ಇದೇ. ನಮ್ಮ ದನಿ ನಮಗೇ ವಾಪಸ್ ಕೇಳಿಸುತ್ತದೆ. 'ಮರೆತು' ಅನ್ನುವಲ್ಲಿ ನಾನು ಕೊನೆಗೆ ಶ್ರುತಿಯಿಂದ ಜಾರುತ್ತೇನೆ ಅಂತ ಗೊತ್ತಾಗಿದ್ದು ಅಲ್ಲಿಯೇ. ಅರವತ್ತು ವರ್ಷ ಯಾರೂ ಹೇಳಿರಲಿಲ್ಲ. ಆದರೆ ಎಫೆಕ್ಟ್ ಗುಂಡಿ ಒತ್ತಿದರೆ ಆ ಉಪಕಾರವೂ ಹೋಯಿತು. ಕಾಗೆ ಕೂಗಿದರೂ ದೇವಸ್ಥಾನದೊಳಗೆ ಕೂಗಿದ ಹಾಗೆ ಗಂಭೀರವಾಗಿ ಕೇಳಿಸುತ್ತದೆ. ಕಲಿಯುವವರು ಅದನ್ನು ಸೊನ್ನೆ ಮಾಡಿಟ್ಟುಕೊಳ್ಳಬೇಕು. ಇನ್ನು ಲೈಕುಗಳ ವಿಷಯ ಬಿಡಿ. ನಾನು ಅವರಿಗೆ ಒತ್ತುತ್ತೇನೆ, ಅವರು ನನಗೆ ಒತ್ತುತ್ತಾರೆ. ಮದುವೆ ಮನೆಯ ಮುಯ್ಯಿ ಲೆಕ್ಕ.

ಬ್ಲೂಟೂತ್ ಮೈಕ್ ತಂದದ್ದು ಏಳುನೂರು ರೂಪಾಯಿ ಕೊಟ್ಟು. ಮೈಕಿನ ಹೊಟ್ಟೆಯಲ್ಲೇ ಸ್ಪೀಕರ್. ಫೋನಿನಲ್ಲಿ ಟ್ರ್ಯಾಕ್ ಹಾಕಿದರೆ ಅದೂ ನಮ್ಮ ದನಿಯೂ ಒಂದೇ ಡಬ್ಬಿಯಿಂದ ಬರುತ್ತವೆ. ಹಾಗಾಗಿ ಇಲ್ಲಿಯೂ ಬ್ಲೂಟೂತೇ ಆದರೂ ತಾಳ ತಪ್ಪಿಸುವುದಿಲ್ಲ. ತಪ್ಪಿಸುವುದು ಬೇರೆ. ಪುಟ್ಟ ಸ್ಪೀಕರಿಗೆ ಮಂದ್ರ ದಕ್ಕುವುದಿಲ್ಲ. ತಬಲಾದ ಎಡಗೈ ಪೆಟ್ಟು ಪೂರ್ತಿ ಮಾಯ. ಹಳೆಯ ಹಾಡಿಗೆ ನಡಿಗೆ ಕೊಡುವುದೇ ಅದು. ಪಿಬಿಎಸ್ ತರಹ ಕೆಳಗಿನ ಸ್ವರದಲ್ಲಿ ಮೆತ್ತಗೆ ಹಾಡಿದರೆ ಮೈಕ್ ಬರೀ ಉಸಿರು ಬಿಡುತ್ತದೆ. ಕಿರುಚಿದರೆ ಮಾತ್ರ ಸಂತೋಷ ಅದಕ್ಕೆ.

ಆದರೆ ಇಲ್ಲಿ ಎದುರಿಗೆ ನಿಜವಾದ ಜೋಡಿ ಇತ್ತು. ನನ್ನ ಹೆಂಡತಿ. ಎರಡನೇ ಚರಣದಲ್ಲಿ "ರೀ, ಅದು ನನ್ನ ಸಾಲು" ಅಂತ ಮೈಕ್ ಕಿತ್ತುಕೊಂಡಳು. ನಲವತ್ತು ನಿಮಿಷ ಹಾಡಿದೆವು. ಶ್ರುತಿ, ತಾಳ ಎಲ್ಲದರಲ್ಲೂ ಇದೇ ಅತಿ ಕೆಟ್ಟ ಪ್ರಯೋಗ, ಆದರೂ ಇನ್ನೂ ಮಾಡುತ್ತಿದ್ದೇವೆ.

ಟ್ರ್ಯಾಕ್ ಬಗ್ಗೆ ಸ್ವಲ್ಪ ಹೇಳಬೇಕು. ಮೈಕಿಗಿಂತ ಜಾಸ್ತಿ ವ್ಯತ್ಯಾಸ ಮಾಡುವುದು ಅದು. ಸಿಗುವುದು ಎರಡು ಬಗೆ. ಒಂದು, ಯಾರೋ ಕೀಬೋರ್ಡಿನಲ್ಲಿ ಹೊಸದಾಗಿ ನುಡಿಸಿದ್ದು. ಇನ್ನೊಂದು, ಮೂಲ ಹಾಡಿನಿಂದ ದನಿ ಕಿತ್ತು ಹಾಕಿದ್ದು. ಸ್ಟೀರಿಯೋ ಹಾಡಿನಲ್ಲಿ ದನಿ ಸಾಮಾನ್ಯವಾಗಿ ನಟ್ಟನಡುವೆ ಇರುತ್ತದೆ. ಎಡದಿಂದ ಬಲವನ್ನು ಕಳೆದರೆ ಅದು ಬಹುಮಟ್ಟಿಗೆ ಅಳಿಸುತ್ತದೆ. ನಮ್ಮ ಅರವತ್ತು, ಎಪ್ಪತ್ತರ ದಶಕದ ಹಾಡುಗಳು ಹೆಚ್ಚಾಗಿ ಮೋನೋ. ಎಡವೂ ಅದೇ, ಬಲವೂ ಅದೇ. ಕಳೆದರೆ ಉಳಿಯುವುದು ಸೊನ್ನೆ. ಈಗ ಕಂಪ್ಯೂಟರಿಗೆ ಕಲಿಸಿ ದನಿ ಬೇರೆ ಮಾಡುತ್ತಾರೆ. 2019ರಲ್ಲಿ ಬಂದ ಸ್ಪ್ಲೀಟರ್ ಅನ್ನುವ ಸಾಫ್ಟ್‌ವೇರ್ ಅಂಥದ್ದು, ಮೋನೋದಲ್ಲೂ ಕೆಲಸ ಮಾಡುತ್ತದೆ. ಆದರೆ ಆ ಕಾಲದಲ್ಲಿ ಗಾಯಕರು, ವಾದ್ಯದವರು ಮದ್ರಾಸಿನ ಸ್ಟುಡಿಯೋದಲ್ಲಿ ಸಾಮಾನ್ಯವಾಗಿ ಒಟ್ಟಿಗೇ ನಿಂತು ರೆಕಾರ್ಡ್ ಮಾಡುತ್ತಿದ್ದರು. ಪಿಟೀಲಿನ ಮೈಕಿನಲ್ಲೂ ಗಾಯಕನ ದನಿ ಒಂದಿಷ್ಟು ಸೇರಿರುತ್ತದೆ. ಹಾಗಾಗಿ ಎಷ್ಟು ಕಿತ್ತರೂ ಹಿಂದೆ ಒಂದು ನೆರಳು ದನಿ ಉಳಿಯುತ್ತದೆ. ಕೆಲವರಿಗೆ ಅದು ಕಿರಿಕಿರಿ. ನನಗೆ ಅದೇ ಊರುಗೋಲು. ಪಿಬಿಎಸ್ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿಕೊಟ್ಟ ಹಾಗೆ. ಕೀಬೋರ್ಡ್ ಟ್ರ್ಯಾಕ್ ಚೊಕ್ಕವಾಗಿರುತ್ತದೆ ನಿಜ. ಆದರೆ ಅದರ ಕೊಳಲು ಕೊಳಲಲ್ಲ, ಲಿಫ್ಟಿನಲ್ಲಿ ಬರುವ ಸಂಗೀತ.

ಕ್ಲಬ್‌ನಲ್ಲಿ ಇಪ್ಪತ್ತು, ಇಪ್ಪತ್ತೈದು ಜನ ಸೇರುತ್ತೇವೆ. ಹಾಡಿಗೆ ನೂರು ರೂಪಾಯಿ, ಕಾಫಿ ಅದರಲ್ಲೇ. ಎರಡು ಹಾಡಿಗೆ ಮೂರು ಗಂಟೆ ಕಾಯಬೇಕು. ನನಗಿಂತ ಚೆನ್ನಾಗಿ ಹಾಡುವವರನ್ನು ಕೇಳಬೇಕು, ಅದಕ್ಕಿಂತ ಕಷ್ಟ ಕೆಟ್ಟದಾಗಿ ಹಾಡುವವರಿಗೂ ಚಪ್ಪಾಳೆ ತಟ್ಟಬೇಕು. ನನಗೂ ತಟ್ಟುತ್ತಾರೆ ಅನ್ನೋಣ.

ಇಲ್ಲೂ ಮೊದಲ ದಿನ ಹಿಂದೆ ಬಿದ್ದೆ. ವೈರ್ ಮೈಕು, ದೊಡ್ಡ ಸ್ಪೀಕರು, ಆದರೂ. ಸ್ಪೀಕರ್ ಎಲ್ಲಾ ಜನರ ಕಡೆ ಮುಖ ಮಾಡಿದ್ದವು. ನನಗೆ ಕೇಳಿಸುತ್ತಿದ್ದುದು ಹೆಚ್ಚಾಗಿ ಹಿಂದಿನ ಗೋಡೆಗೆ ಬಡಿದು ಬಂದ ಸದ್ದು. ಗೋಡೆ ಹದಿನೇಳು ಮೀಟರ್ ದೂರ ಇದ್ದರೆ ಹೋಗಿ ಬರುವುದು ಮೂವತ್ತನಾಲ್ಕು. ಸದ್ದಿಗೆ ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಮಗನ ಇಯರ್‌ಫೋನ್ ಕಥೆಯೇ ಮತ್ತೆ! ಮುಂದಿನ ವಾರ ಹಾಡುವವರ ಕಡೆ ತಿರುಗಿಸಿದ ಒಂದು ಮಾನಿಟರ್ ಸ್ಪೀಕರ್ ಇಟ್ಟರು. ಅವತ್ತು ಮೊದಲ ಸಲ ಹಾಡಿದೆ ಅನ್ನಿಸಿತು. ಎಡಗೈ ಪೆಟ್ಟು ಎದೆಗೇ ಬಂದು ತಾಗಿತು. ಮೈಕನ್ನು ತುಟಿಗೆ ಹತ್ತಿರ ತಂದರೆ ಮೆತ್ತಗಿನ ಮಾತೂ ಕೊನೆಯ ಕುರ್ಚಿಯವರೆಗೆ ಹೋಗುತ್ತದೆ. ಹಳೆಯ ಹಾಡಿಗೆ ಬೇಕಾದದ್ದು ಅಷ್ಟೇ ಅಲ್ವಾ?

ಲ್ಯಾಪ್‌ಟಾಪಿನಲ್ಲಿ ಶ್ರುತಿ ಬದಲಿಸುವ ಅನುಕೂಲವೂ ಇದೆ. ಕರೋಕೆಯ ಶುರುವಿನ ಕಥೆಯಾಗಿ ಸಾಮಾನ್ಯವಾಗಿ ಹೇಳುವುದೂ ಇಂಥದ್ದೇ. ಜಪಾನಿನ ಕೋಬೆಯಲ್ಲಿ ದೈಸುಕೆ ಇನೊಯೆ ಬಾರುಗಳಲ್ಲಿ ನುಡಿಸುತ್ತಿದ್ದವರು. ಗಿರಾಕಿಯೊಬ್ಬರ ಜೊತೆ ಪ್ರವಾಸಕ್ಕೆ ಹೋಗಲಾಗದೆ, ಅವರ ಹಾಡಿಕೆಗೆ ಹೊಂದುವ ಹಾಗೆ ತನ್ನ ವಾದನವನ್ನು ಟೇಪ್ ಮಾಡಿ ಕೊಟ್ಟರು. 1971ರಲ್ಲಿ ಯಂತ್ರ ಮಾಡಿದರು, ಪೇಟೆಂಟ್ ಮಾತ್ರ ಮಾಡಿಸಲಿಲ್ಲ. ಅಂದರೆ ಇದು ಹಾಡುವವನಿಗೆ ಅಳತೆ ತೆಗೆದು ಹೊಲಿದ ಅಂಗಿ. ಯೂಟ್ಯೂಬಿನಿಂದ ಸಿಕ್ಕಿದ್ದನ್ನು ಹಾಗೇ ತೊಟ್ಟುಕೊಂಡರೆ ತೋಳು ಉದ್ದ ಬರುತ್ತದೆ.

ಹಾಗಾಗಿ ಈಗ ವಾರವಿಡೀ ಆ್ಯಪ್‌ನಲ್ಲಿ ವೈರ್ ಇಯರ್‌ಫೋನ್ ಹಾಕಿ ತಪ್ಪು ಹುಡುಕುತ್ತೇನೆ, ಹಾಡುವುದು ಕ್ಲಬ್‌ನಲ್ಲಿ. ದುಡ್ಡು ಒಂದಕ್ಕೇ ಅಂದರೆ ಕ್ಲಬ್ಬಿಗೇ ಕೊಡಿ. ಹೊಸದಾಗಿ ಸೇರುವವರು ಮೊದಲು ಕೇಳಬೇಕಾದದ್ದು ಕಾಫಿ ವಿಷಯ ಅಲ್ಲ, ಮಾನಿಟರ್ ಇದೆಯಾ ಅಂತ. ಮೈಕು ಮೊಮ್ಮಕ್ಕಳು ಬಂದಾಗ ಹೊರಗೆ ಬರುತ್ತದೆ.

ಮುಂದಿನ ಭಾನುವಾರ ಹೆಂಡತಿಯೂ ಕ್ಲಬ್ಬಿಗೆ ಬರುತ್ತಾಳಂತೆ. ಈ ಹಾಡೇ ಆಗಬೇಕಂತೆ. ನನಗೆ ಟ್ರ್ಯಾಕ್ ಹಾರ್ಮೋನಿಯಂನ ಎರಡು ಮನೆ ಮೇಲಿದ್ದರೆ ಕೆಳಗಿನ ಸ್ವರ ಸಿಗುತ್ತದೆ. ಅವಳಿಗೆ ಒಂದು ಮನೆ ಇಳಿಸಬೇಕು. ಇದ್ದಲ್ಲೇ ಇಟ್ಟರೆ ಇಬ್ಬರಿಗೂ ಕಷ್ಟ. ಲ್ಯಾಪ್‌ಟಾಪಿನವರು ಶನಿವಾರ ಸಂಜೆಯೊಳಗೆ ತಿಳಿಸಿ ಅಂದಿದ್ದಾರೆ.