ಪೈಲಟ್ ತರಬೇತಿಗೆ ಸಾಲ: ಸರ್ಕಾರಿ ಬ್ಯಾಂಕ್, ಫೈನಾನ್ಸ್ ಕಂಪನಿ, ಆಸ್ತಿ ಮೇಲಿನ ಓಡಿ

ಸಾಲ ಅಂದ ಕೂಡಲೇ ಬಡ್ಡಿ ಎಷ್ಟು ಅಂತ ಕೇಳುವುದು ನಮ್ಮೆಲ್ಲರ ಅಭ್ಯಾಸ. ಪೈಲಟ್ ತರಬೇತಿಯ ಸಾಲದಲ್ಲಿ ಅದು ಮೂರನೇ ಪ್ರಶ್ನೆ. ಮೊದಲು ಕೇಳಬೇಕಾದ್ದು, ಕಂತು ಯಾವಾಗ ಶುರು? ಆಮೇಲೆ, ದುಡ್ಡು ಶಾಲೆಗೆ ಒಂದೇ ಸಲ ಹೋಗುತ್ತದೋ, ಹಂತ ಹಂತವಾಗಿ ಹೋಗುತ್ತದೋ?

ತಂಗಿಯ ಸಿಪಿಎಲ್‌ಗಾಗಿ (ಪೈಲಟ್ ಕೆಲಸಕ್ಕೆ ಬೇಕಾದ ಲೈಸೆನ್ಸ್) ದಾವಣಗೆರೆಯಲ್ಲಿ ನಾವು ಮೂರು ಕಡೆ ಅರ್ಜಿ ಹಾಕಿದೆವು. ಸರ್ಕಾರಿ ಬ್ಯಾಂಕಿನ ಶಿಕ್ಷಣ ಸಾಲ, ಫೈನಾನ್ಸ್ ಕಂಪನಿಯ ಅಡಮಾನವಿಲ್ಲದ ಸಾಲ, ಸಹಕಾರಿ ಬ್ಯಾಂಕಿನಲ್ಲಿ ಆಸ್ತಿ ಇಟ್ಟು ಓಡಿ, ಅಂದರೆ ಮಿತಿಯೊಳಗೆ ಬೇಕಾದಾಗ ಬೇಕಾದಷ್ಟು ತೆಗೆಯುವ ಓವರ್‌ಡ್ರಾಫ್ಟ್. ಮೊದಲನೆಯದನ್ನೂ ಕೊನೆಯದನ್ನೂ ತೆಗೆದುಕೊಂಡೆವು. ನಡುವಿನದನ್ನು ಸ್ಯಾಂಕ್ಷನ್ ಪತ್ರ ಕೈಗೆ ಬಂದ ಮೇಲೂ ಬಿಟ್ಟೆವು.

ಖರ್ಚಿನ ಲೆಕ್ಕ ಹೀಗೆ. ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ಸಿಪಿಎಲ್ ಕೊಡಬೇಕಾದರೆ 200 ಗಂಟೆ ಹಾರಾಟ ಆಗಿರಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆ ಹೊತ್ತು ತಾನೇ ಹಾರಿಸಿದ್ದಿರಬೇಕು. ನಮ್ಮ ದೇಶದಲ್ಲಿ ಇದಕ್ಕೆ 40 ಲಕ್ಷದಿಂದ 60 ಲಕ್ಷದವರೆಗೆ ಕೇಳುತ್ತಾರೆ. ನಮ್ಮವರು ಜಕ್ಕೂರು, ಬೆಳಗಾವಿ, ಕಲಬುರಗಿ ಕಡೆ ವಿಚಾರಿಸುತ್ತಾರೆ, ಪ್ರವೇಶ ಪರೀಕ್ಷೆ ಪಾಸಾದವರು ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನ ಸರ್ಕಾರಿ ಅಕಾಡೆಮಿಗೆ ಹೋಗುತ್ತಾರೆ. ಸಿಪಿಎಲ್ ಬಂದ ಮೇಲೆ ಏರ್‌ಬಸ್‌ನಂಥ ದೊಡ್ಡ ವಿಮಾನಕ್ಕೆ ಟೈಪ್ ರೇಟಿಂಗ್ (ಆ ಮಾದರಿ ಹಾರಿಸಲು ಬೇಕಾದ ಪ್ರತ್ಯೇಕ ತರಬೇತಿ) ಬೇರೆ. ಅದರ ಖರ್ಚನ್ನು ಬಹಳ ಶಾಲೆಗಳು ಮೊದಲ ಕೊಟೇಶನ್‌ನಲ್ಲಿ ತೋರಿಸುವುದೇ ಇಲ್ಲ. ಅಪ್ಪನ ಉಳಿತಾಯ ಕಳೆದು ನಮಗೆ ಬೇಕಾಗಿದ್ದು 30 ಲಕ್ಷ.

ಸರ್ಕಾರಿ ಬ್ಯಾಂಕಿಗೆ ಹೋದರೆ ಮೊದಲು ಸಂತೋಷ, ಆಮೇಲೆ ಓಡಾಟ. ಡಿಜಿಸಿಎ ಒಪ್ಪಿದ ಪೈಲಟ್ ತರಬೇತಿ, ಬ್ಯಾಂಕುಗಳ ಸಂಘ ಮಾಡಿದ ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲೇ ಇದೆ, ಹಾಗಾಗಿ 'ಇದು ಕೋರ್ಸೇ ಅಲ್ಲ' ಅಂತ ಯಾರೂ ವಾಪಸ್ ಕಳಿಸುವ ಹಾಗಿಲ್ಲ. ಆದರೆ ಏಳೂವರೆ ಲಕ್ಷ ದಾಟಿದರೆ ಅಡಮಾನ ಬೇಕು. ಹರಿಹರದ ಹತ್ತಿರ ಭದ್ರಾ ನಾಲೆ ಬಯಲಲ್ಲಿ ನಮಗೆ ಎರಡು ಎಕರೆ ಗದ್ದೆ ಇದೆ. ಅಪ್ಪ ಅದರ ಪಹಣಿ ಹಿಡಿದುಕೊಂಡೇ ಹೋಗಿದ್ದರು. ಮ್ಯಾನೇಜರ್ ತೆಗೆದು ನೋಡಲೂ ಇಲ್ಲ. "ಯಜಮಾನ್ರೇ, ಕೃಷಿ ಜಮೀನು ನಮಗೆ ಆಗಲ್ಲ, ನಾಳೆ ಸಾಲ ಕಟ್ಟದೇ ಇದ್ರೆ ಸರ್ಫೇಸಿ ಕಾಯ್ದೆಯಲ್ಲಿ ಅದನ್ನ ಮುಟ್ಟೋಕೆ ಬರಲ್ಲ" ಅಂದರು. ಹಳ್ಳಿ ಕಡೆಯವರು ಇದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಎಷ್ಟು ಎಕರೆ ತೋಟ ಇದ್ದರೂ ಭೂಪರಿವರ್ತನೆ ಆಗದೇ ಇದ್ದರೆ ಈ ಸಾಲಕ್ಕೆ ಅದು ಲೆಕ್ಕಕ್ಕಿಲ್ಲ.

ಉಳಿದದ್ದು ಮನೆ. ಮನೆ ಇನ್ನೂ ಅಜ್ಜನ ಹೆಸರಲ್ಲೇ ಇತ್ತು. ಪೌತಿ ಖಾತೆ ಆಗಬೇಕು, ಇಸಿ (ಋಣಭಾರ ಪತ್ರ) ತೆಗೆಸಬೇಕು, ಬ್ಯಾಂಕಿನ ವಕೀಲರು ಒಪ್ಪಬೇಕು. ಅವರು ವಂಶವೃಕ್ಷ ನೋಡಿ, ಇಬ್ಬರು ಅತ್ತೆಯರಿಗೂ ಪಾಲಿದೆ, ಅವರಿಂದ ಹಕ್ಕು ಬಿಡುಗಡೆ ಪತ್ರ ಬೇಕು ಅಂದರು. ಚಿತ್ರದುರ್ಗದ ಅತ್ತೆ ಬಸ್ಸಿಳಿದು ನೇರ ಸಬ್ ರಿಜಿಸ್ಟ್ರಾರ್ ಕಚೇರಿಗೇ ಬಂದರು. ಹೆಬ್ಬೆರಳು ಒತ್ತುವ ಯಂತ್ರದ ಮುಂದೆ ನಿಂತು, "ಹುಡುಗಿ ವಿಮಾನ ಓಡಿಸ್ತಾಳೆ ಅಂದ್ರೆ ಸಹಿ ಹಾಕ್ದೇ ಇರ್ತೀನೇನೋ? ಆದ್ರೆ ಮನೆ ಬ್ಯಾಂಕಿನವ್ರ ಪಾಲಾಯ್ತು ಅಂತ ಮಾತ್ರ ನನ್ನ ಕಿವಿಗೆ ಬೀಳಬಾರ್ದು" ಅಂದರು. ಅಪ್ಪ ಸುಮ್ಮನೆ ನಕ್ಕರು. ವಕೀಲರ ಫೀಸು, ವ್ಯಾಲ್ಯುಯೇಶನ್ ಫೀಸು, ಅಡಮಾನ ಪತ್ರದ ಮುದ್ರಾಂಕ ಎಲ್ಲ ನಮ್ಮ ಜೇಬಿಂದಲೇ. ಇಷ್ಟಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯಿತು. ಕಾಗದ ಸರಿಯಾಗಿದ್ದವರಿಗೆ ಇಷ್ಟು ಆಗುವುದಿಲ್ಲ, ಆದರೆ ನಮ್ಮಲ್ಲಿ ಎಷ್ಟು ಮನೆಗಳ ಕಾಗದ ಸರಿಯಾಗಿದೆ ಹೇಳಿ?

ಈ ಓಡಾಟಕ್ಕೆ ಸಿಕ್ಕ ಪ್ರತಿಫಲ ದೊಡ್ಡದು. ಕೋರ್ಸ್ ಮುಗಿದು ಇನ್ನೊಂದು ವರ್ಷದವರೆಗೆ ಕಂತು ಇಲ್ಲ, ಅಲ್ಲಿಯವರೆಗೆ ಸರಳ ಬಡ್ಡಿ ಮಾತ್ರ. ತೀರಿಸಲು 15 ವರ್ಷದವರೆಗೆ ಅವಧಿ. ತರಬೇತಿ ಸಮಯದಲ್ಲೇ ಬಡ್ಡಿ ಕಟ್ಟುತ್ತ ಹೋದರೆ ದರದಲ್ಲಿ ಒಂದು ಪರ್ಸೆಂಟ್‌ವರೆಗೆ ಕಡಿಮೆ. ಕೆಲವು ಬ್ಯಾಂಕ್‌ಗಳು ಹೆಣ್ಣುಮಕ್ಕಳಿಗೆ ಇನ್ನೂ ಅರ್ಧ ಪರ್ಸೆಂಟ್ ಇಳಿಸುತ್ತವೆ.

ಆದರೆ 'ಕೋರ್ಸ್ ಮುಗಿದು' ಅಂದರೆ ಶಾಲೆಯ ಪತ್ರದಲ್ಲಿ ಬರೆದ ಅವಧಿ. ತಂಗಿಯ ಪತ್ರದಲ್ಲಿ 18 ತಿಂಗಳು ಅಂತಿತ್ತು. ಮ್ಯಾನೇಜರ್ ಅವತ್ತೇ "200 ಗಂಟೆ ಇಷ್ಟರಲ್ಲಿ ಮುಗಿಯತ್ತಾ?" ಅಂತ ಕೇಳಿದ್ದರು. ಮುಗಿಯಲಿಲ್ಲ. ಮಳೆಗಾಲದಲ್ಲಿ ಮೋಡ ಕೆಳಗಿಳಿದರೆ ಹಾರಾಟ ಬಂದ್. ವಿಮಾನ ರಿಪೇರಿಗೆ ಹೋದರೆ ಸರತಿಯಲ್ಲಿ ಹತ್ತು ಜನ. ಇನ್‌ಸ್ಟ್ರಕ್ಟರ್ ಕೆಲಸ ಬಿಟ್ಟರೆ ಹೊಸಬರು ಬರುವವರೆಗೆ ಹಾಸ್ಟೆಲ್‌ನಲ್ಲಿ ಕೂರಬೇಕು. ಎರಡು ವರ್ಷ ದಾಟಿತು. ಶಾಲೆಯ ಹೆಸರು ಬೇಡ, ಇದು ಅದೊಂದರ ಕಥೆಯಲ್ಲ. ಇಂಥ ಕಡೆ ಶಿಕ್ಷಣ ಸಾಲದಲ್ಲಿ ಒಂದು ದಾರಿ ಇದೆ. ವಿದ್ಯಾರ್ಥಿಯ ಕೈಮೀರಿದ ಕಾರಣಕ್ಕೆ ತಡವಾದರೆ ಎರಡು ವರ್ಷದವರೆಗೆ ಅವಧಿ ವಿಸ್ತರಿಸಬಹುದು. ಶಾಲೆಯಿಂದ ಪತ್ರ ಬರೆಸಿ ಕೊಟ್ಟೆವು, ಬ್ಯಾಂಕ್ ಒಪ್ಪಿತು. ಪತ್ರ ಕೊಡದೇ ಇದ್ದಿದ್ದರೆ ತರಬೇತಿ ಮುಗಿಯುವ ಮೊದಲೇ ಆ ಒಂದು ವರ್ಷದ ಬಿಡುವು ಕರಗಲು ಶುರುವಾಗುತ್ತಿತ್ತು.

ಇನ್ನೊಂದು ಲಾಭ ನಮಗೆ ಆಮೇಲೆ ಗೊತ್ತಾಯಿತು. ಬ್ಯಾಂಕ್ ದುಡ್ಡನ್ನು ಶಾಲೆಯ ಖಾತೆಗೆ ನೇರವಾಗಿ, ಹಂತ ಹಂತವಾಗಿ ಹಾಕಿತು. ಪ್ರತಿ ಸಲ ಹಾರಾಟದ ಲಾಗ್‌ಬುಕ್‌ನ ಪುಟ ಕೇಳಿತು. ಆಗ ಕಿರಿಕಿರಿ ಅನಿಸಿತು. ಅದೇ ಬ್ಯಾಚಿನಲ್ಲಿ ಪೂರ್ತಿ ದುಡ್ಡು ಮುಂಚೆಯೇ ಕಟ್ಟಿದವರು ತಡವಾದಾಗ ಶಾಲೆಯ ಬಾಗಿಲಲ್ಲಿ ನಿಂತು ಬೇಡುತ್ತಿದ್ದರು. ನಮ್ಮ ಹುಡುಗಿಗೆ ಹಾರಾಟ ಕೊಟ್ಟರೆ ಮಾತ್ರ ಮುಂದಿನ ಕಂತು ಬರುತ್ತಿತ್ತು, ಹಾಗಾಗಿ ಶಾಲೆಗೂ ಸ್ವಲ್ಪ ಆಸಕ್ತಿ ಇತ್ತು.

ಫೈನಾನ್ಸ್ ಕಂಪನಿಯ ಹುಡುಗ ಮನೆಗೇ ಬಂದ. ಮೊಬೈಲಲ್ಲೇ ಅರ್ಜಿ, ಅಪ್ಪನ ಪೆನ್ಷನ್ ಪತ್ರ, ನನ್ನ ಸಂಬಳದ ಸ್ಲಿಪ್, ಅಷ್ಟೇ. ಅದೇ ವಾರ ಸ್ಯಾಂಕ್ಷನ್. ಆದರೆ ಪತ್ರ ಓದಿದರೆ ದರ 13 ಪರ್ಸೆಂಟ್, ಹತ್ತು ವರ್ಷ. ತರಬೇತಿ ಸಮಯದಲ್ಲೂ ತಿಂಗಳು ತಿಂಗಳು ಬಡ್ಡಿ ಕಟ್ಟಲೇಬೇಕು. ಪೂರ್ತಿ 30 ಲಕ್ಷ ಬಿಡುಗಡೆ ಆದಮೇಲೆ ಅದೊಂದೇ 32,500 ರೂಪಾಯಿ. ಪ್ರೊಸೆಸಿಂಗ್ ಫೀಸು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಕೇಳದೇ ಸೇರಿಸಿದ್ದ ವಿಮೆ. ಎಲ್ಲ ಮೊದಲೇ ಕಡಿದುಕೊಂಡು ಉಳಿದದ್ದು ಕೊಡುತ್ತಾರೆ, ಬಡ್ಡಿ ಮಾತ್ರ ಪೂರ್ತಿಗೆ. ತರಬೇತಿ ತಡವಾದರೆ ಏನು ಅಂತ ಕೇಳಿದೆ. "ಸರ್, ಅದು ನಮ್ಗೆ ಬರಲ್ಲ, ನಮ್ದು ಡೇಟ್ ಪ್ರಕಾರ" ಅಂದ. ಅಲ್ಲಿಗೆ ಸಾಕು ಅನಿಸಿತು. ಆದರೂ ಸುಮ್ನೆ ಬೈಯುವುದು ಸರಿಯಲ್ಲ. ಅಡ ಇಡಲು ಏನೂ ಇಲ್ಲದವರಿಗೆ, ಮನೆಯಲ್ಲಿ ಇಬ್ಬರ ಸಂಬಳ ಬರುವವರಿಗೆ ಇರುವ ದಾರಿ ಇದೊಂದೇ.

ಮೂರನೆಯದು ಓಡಿ. ಪಿ.ಬಿ. ರಸ್ತೆ ಪಕ್ಕ ಅಪ್ಪನದು ಒಂದು ಪುಟ್ಟ ಮಳಿಗೆ ಇದೆ. ಅದರ ಮೇಲೆ ಸಹಕಾರಿ ಬ್ಯಾಂಕ್ ಮಿತಿ ಕೊಟ್ಟಿತು. ತೆಗೆದಷ್ಟಕ್ಕೇ ಬಡ್ಡಿ, ಯಾತಕ್ಕೆ ಅಂತ ಪ್ರಶ್ನೆ ಕಡಿಮೆ. ಪರೀಕ್ಷೆ ಫೀಸು, ರೂಮಿನ ಬಾಡಿಗೆ, ಹೆಡ್‌ಸೆಟ್, ತಡವಾದ ತಿಂಗಳುಗಳ ಊಟದ ಖರ್ಚು ಇದರಲ್ಲೇ ನಡೆಯಿತು. ಆದರೆ ಬಿಡುವಿನ ಅವಧಿ ಅನ್ನುವುದು ಇಲ್ಲ, ಬಡ್ಡಿ ಪ್ರತಿ ತಿಂಗಳು ಕಟ್ಟಬೇಕು, ವರ್ಷಕ್ಕೊಮ್ಮೆ ನವೀಕರಣ. ಪೂರ್ತಿ 30 ಲಕ್ಷಕ್ಕೆ ಇದನ್ನೇ ನಂಬಿದ್ದರೆ ನನ್ನ ಸಂಬಳ ಅಲ್ಲೇ ಮುಗಿಯುತ್ತಿತ್ತು. ಚಿನ್ನದ ಸಾಲ ಒಂದೆರಡು ತಿಂಗಳ ಕೈಗಡಕ್ಕೆ ಸರಿ, ಅದಕ್ಕಿಂತ ಜಾಸ್ತಿಗೆ ಬೇಡ.

ಬ್ಯಾಂಕ್ ಸಾಲ ಕಂತಿಗೆ ಬಂದಾಗ ಎಷ್ಟಾಗುತ್ತದೆ ನೋಡಿ. ಮೊದಲ ವರ್ಷ 15 ಲಕ್ಷ, ಆಮೇಲೆ ಎರಡು ವರ್ಷ ಪೂರ್ತಿ 30 ಲಕ್ಷ ಬಾಕಿ ಅಂತಿಟ್ಟುಕೊಳ್ಳಿ. 10 ಪರ್ಸೆಂಟ್ ಸರಳ ಬಡ್ಡಿ ಏಳೂವರೆ ಲಕ್ಷ. ಅದನ್ನು ಕಟ್ಟದೇ ಅಸಲಿಗೆ ಸೇರಲು ಬಿಟ್ಟರೆ 15 ವರ್ಷದ ಕಂತು ತಿಂಗಳಿಗೆ 40 ಸಾವಿರ ದಾಟುತ್ತದೆ. ಆಗಾಗಲೇ ಕಟ್ಟಿದ್ದರೆ 32 ಸಾವಿರ ಚಿಲ್ಲರೆ. ಫೈನಾನ್ಸ್ ಕಂಪನಿಯದು ಬಡ್ಡಿ ಕಟ್ಟಿಕೊಂಡು ಬಂದ ಮೇಲೂ 45 ಸಾವಿರದ ಹತ್ತಿರ. ಕೈಲಾದಷ್ಟು ಬಡ್ಡಿಯನ್ನು ತರಬೇತಿ ಸಮಯದಲ್ಲೇ ಕಟ್ಟುವುದು ಒಳ್ಳೆಯದು, ನಾವೂ ಹಾಗೇ ಮಾಡಿದೆವು.

ತೆರಿಗೆ ವಿಷಯ. ಎಲ್ಲರೂ 80ಇ ಅಂತ ಕರೆಯುವ ವಿನಾಯಿತಿ ಶಿಕ್ಷಣ ಸಾಲದ ಬಡ್ಡಿಗೆ ಮಾತ್ರ, ಅದೂ ಹಳೇ ತೆರಿಗೆ ಪದ್ಧತಿಯಲ್ಲಿ, ಎಂಟು ವರ್ಷದವರೆಗೆ. ಮೊತ್ತಕ್ಕೆ ಮಿತಿ ಇಲ್ಲ. ಓಡಿಗೆ, ಚಿನ್ನದ ಸಾಲಕ್ಕೆ ಇಲ್ಲ. ಫೈನಾನ್ಸ್ ಕಂಪನಿಯಾದರೆ ಸರ್ಕಾರ ಅಧಿಸೂಚನೆ ಹೊರಡಿಸಿದ ಪಟ್ಟಿಯಲ್ಲಿ ಇರಬೇಕು. ಇನ್ನೊಂದು: ಅಪ್ಪ ಅಮ್ಮ ಮಕ್ಕಳಿಗಾಗಿ ಕಟ್ಟಿದರೆ ಸಿಗುತ್ತದೆ, ಅಣ್ಣ ತಂಗಿಗಾಗಿ ಕಟ್ಟಿದರೆ ಸಿಗುವುದಿಲ್ಲ. ಹಾಗಾಗಿ ಸಾಲ ತಂಗಿಯ ಹೆಸರಲ್ಲಿ, ಜೊತೆಗೆ ಅಪ್ಪ. ನಾನು ಅಪ್ಪನ ಖಾತೆಗೆ ಹಾಕುತ್ತೇನೆ.

ಬಿಡುವಿನ ವರ್ಷಕ್ಕೆ ನಾನು ಇಷ್ಟು ಬೆಲೆ ಕೊಡುವುದಕ್ಕೆ ಕಾರಣ ಇದೆ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತು, 2023ರ ಮೇನಲ್ಲಿ ಗೋ ಫಸ್ಟ್ ನಿಂತಿತು. ಅಂಥ ಹೊತ್ತಲ್ಲಿ ಸಾವಿರಾರು ಗಂಟೆ ಹಾರಿಸಿದವರೇ ಕೆಲಸ ಹುಡುಕುತ್ತಿರುತ್ತಾರೆ, 200 ಗಂಟೆಯವರ ಸರದಿ ಆಮೇಲೆ.

ಯಾವ ಸಾಲಕ್ಕೂ ಸಹಿ ಹಾಕುವ ಮೊದಲು ಕ್ಲಾಸ್ 1 ಮೆಡಿಕಲ್ ಮುಗಿಸಿಕೊಳ್ಳಿ, ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲೇ ಆಗುತ್ತದೆ. ಕಣ್ಣೋ ಹೃದಯವೋ ಅಡ್ಡ ಬಂದರೆ ಸಾಲ ಪಡೆಯುವ ಮೊದಲೇ ತಿಳಿಯಲಿ. ನ್ಯಾವಿಗೇಶನ್, ಮೀಟಿಯರಾಲಜಿ, ರೆಗ್ಯುಲೇಶನ್ಸ್ ಪೇಪರ್‌ಗಳನ್ನು ಮನೆಯಲ್ಲಿ ಓದಿ ಪಾಸಾಗಿ ಹೋದರೆ ಶಾಲೆಯಲ್ಲಿ ಕಾಯುವ ತಿಂಗಳು ಕಡಿಮೆ, ಅಷ್ಟು ತಿಂಗಳ ಬಡ್ಡಿಯೂ ಕಡಿಮೆ. ಶಾಲೆಯ ಕರಾರಿನಲ್ಲಿ ನಡುವೆ ಬಿಟ್ಟರೆ ಹಾರದ ಗಂಟೆಗಳ ದುಡ್ಡು ವಾಪಸ್ ಬರುತ್ತದಾ, ಎಷ್ಟು ದಿನದಲ್ಲಿ ಬರುತ್ತದೆ, ಅದನ್ನು ಬರೆದು ಕೊಡಲಿ. ಬಾಯಿಮಾತಲ್ಲಿ ಕೊಡುತ್ತೇವೆ ಅಂದ ಶಾಲೆಗೆ ನಮ್ಮ ಮ್ಯಾನೇಜರ್ ಮೊದಲ ಕಂತನ್ನೇ ತಡೆದು ಹಿಡಿದಿದ್ದರು, ಪತ್ರ ಬಂದ ಮೇಲೆ ಬಿಟ್ಟರು.